ಫೋಮ್ ಬ್ಲಾಕ್, ಬಾಲ್‌ನೋಸ್ ಕಟರ್ ಮತ್ತು ಐದು ಮಕ್ಕಳು

ನಾನು ಬೆಂಗಳೂರಿನ ಪೀಣ್ಯ ಎರಡನೇ ಹಂತದ ಒಂದು ಸಣ್ಣ ಜಾಬ್ ವರ್ಕ್ ಶಾಪ್‌ನಲ್ಲಿ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಕಡಿಯುವ ಮಷೀನ್) ಪ್ರೋಗ್ರಾಮರ್. ಗಿರಾಕಿಗಳು ಕಳಿಸುವ 3ಡಿ ಮಾಡೆಲ್ ನೋಡಿ, ಯಾವ ಕಟರ್ ಯಾವ ಕಡೆಯಿಂದ ಒಳಗೆ ಹೋಗಬೇಕು, ಎಷ್ಟು ಆಳಕ್ಕೆ, ಎಷ್ಟು ಫೀಡ್‌ನಲ್ಲಿ (ಕಟರ್ ಮುಂದೆ ಸಾಗುವ ವೇಗ) ಅಂತ ಮಷೀನಿಗೆ ತಿಳಿಸುವುದು ನನ್ನ ಕೆಲಸ. ರಾಜಾಜಿನಗರದ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮಾಡಿದವಳು. ಅಲ್ಯೂಮಿನಿಯಂ, ಎಂಎಸ್ (ಮೈಲ್ಡ್ ಸ್ಟೀಲ್), ಆಗಾಗ ಸ್ಟೇನ್‌ಲೆಸ್ ಸ್ಟೀಲ್ ಬರುವ ನಮ್ಮ ಶಾಪಿಗೆ ಕಳೆದ ವರ್ಷ ನನ್ನ ಅಕ್ಕನ ಮಗಳು ತನ್ನ ನಾಲ್ವರು ಸಹಪಾಠಿಗಳ ಜೊತೆ, ಶಾಲಾ ಮಕ್ಕಳ ಪುಟಾಣಿ ರೇಸ್ ಕಾರು ಸ್ಪರ್ಧೆಗೆಂದು, ಒಂದು ಫೋಮ್ ಬ್ಲಾಕ್ ಹಿಡಿದು ಬಂದಳು. ಒಂಬತ್ತನೇ ಕ್ಲಾಸಿನ ಮಕ್ಕಳು. ಹಸಿರು ಮಾರ್ಗದ ಮೆಟ್ರೋದಲ್ಲಿ ಪೀಣ್ಯ ಇಂಡಸ್ಟ್ರಿ ಸ್ಟೇಷನ್‌ವರೆಗೆ, ಅಲ್ಲಿಂದ ಎರಡು ಆಟೋ.

“ಚಿಕ್ಕಮ್ಮ, ಫೈಲ್ ಪೆನ್‌ಡ್ರೈವ್‌ನಲ್ಲಿದೆ. ಕಾರ್ ಮಾಡಿಕೊಡ್ತೀಯಾ?”

“ಮಾಡಿಕೊಡಲ್ಲ. ನೀವು ಮಾಡಿ, ನಾನು ಪಕ್ಕದಲ್ಲಿ ನಿಂತಿರ್ತೀನಿ.”

ಅವಳ ಮುಖ ಸಣ್ಣದಾಯಿತು. ಆದರೆ ಈ ಸ್ಪರ್ಧೆಯ ಜೀವ ಇರುವುದೇ ಅಲ್ಲಿ ಅಂತ ನಾನು ಆಗಲೂ ನಂಬಿದ್ದೆ, ಈಗ ಇನ್ನೂ ಗಟ್ಟಿಯಾಗಿ ನಂಬುತ್ತೇನೆ. ಗೆರೆ ಎಳೆದವರೇ ಮಷೀನ್ ಮುಂದೆ ನಿಲ್ಲಬೇಕು.

ಸ್ಪರ್ಧೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ‘ಎಫ್‌1 ಇನ್ ಸ್ಕೂಲ್ಸ್’ ಅಂತ ಬಹಳ ವರ್ಷ ಕರೆಯುತ್ತಿದ್ದರು, ಈಗ ‘ಸ್ಟೆಮ್ ರೇಸಿಂಗ್’ ಎಂಬ ಹೆಸರು. ಮೂರರಿಂದ ಆರು ಮಕ್ಕಳ ಒಂದು ತಂಡ. ಕಂಪ್ಯೂಟರ್‌ನಲ್ಲಿ ಒಂದು ಪುಟಾಣಿ ರೇಸ್ ಕಾರು ಡಿಸೈನ್ ಮಾಡಬೇಕು, ಅದರ ಮೈಯನ್ನು ಒಂದೇ ಫೋಮ್ ಬ್ಲಾಕಿನಿಂದ ಸಿಎನ್‌ಸಿಯಲ್ಲಿ ಕಡಿದು ತೆಗೆಯಬೇಕು. ಹಿಂಭಾಗದಲ್ಲಿ 8 ಗ್ರಾಂ ಕಾರ್ಬನ್ ಡೈಆಕ್ಸೈಡ್ ತುಂಬಿದ ಸ್ಟೀಲ್ ಕಾರ್ಟ್ರಿಜ್. ಅದರ ಬಾಯಿಯನ್ನು ಸೂಜಿ ಚುಚ್ಚಿದ ಕ್ಷಣ ಅನಿಲ ಹಿಂದಕ್ಕೆ, ಕಾರು ಮುಂದಕ್ಕೆ. ಟ್ರ್ಯಾಕ್ 20 ಮೀಟರ್, ನೇರ. ಕಾರು ಹಾರಿಹೋಗದಂತೆ ಕೆಳಗೆ ಒಂದು ನೈಲಾನ್ ದಾರ ಬಿಗಿದಿರುತ್ತದೆ, ಕಾರಿನ ಹೊಟ್ಟೆಯಡಿಯ ಎರಡು ಕಣ್ಣುಗಳ ಮೂಲಕ ಅದು ಹಾದುಹೋಗುತ್ತದೆ. ಚೆನ್ನಾಗಿ ಮಾಡಿದ ಕಾರು ಒಂದು ಸೆಕೆಂಡಿನ ಆಸುಪಾಸಿನಲ್ಲಿ ಗೆರೆ ದಾಟುತ್ತದೆ. 1.1 ಸೆಕೆಂಡ್ ಅಂತಲೇ ಇಟ್ಟುಕೊಳ್ಳಿ, ಸರಾಸರಿ ವೇಗ ಗಂಟೆಗೆ 65 ಕಿಲೋಮೀಟರ್ ಆಯಿತು. ಅಂಗೈಯಗಲದ ಫೋಮ್ ತುಂಡಿಗೆ!

ನನಗೆ ಇಷ್ಟವಾದ ಸಂಗತಿ ಒಂದಿದೆ. ಇದನ್ನು ಶುರುಮಾಡಿದ್ದು ರೇಸ್ ಜನ ಅಲ್ಲ, ಮಷೀನ್ ಟೂಲ್ ಜನ. ಇಂಗ್ಲೆಂಡಿನಲ್ಲಿ ಶಾಲಾ ಕಾಲೇಜುಗಳಿಗೆ ಪುಟ್ಟ ಸಿಎನ್‌ಸಿ ಮಷೀನ್ ಮಾಡಿಕೊಡುತ್ತಿದ್ದ ಡೆನ್‌ಫೋರ್ಡ್ ಕಂಪನಿಯ ಆಂಡ್ರ್ಯೂ ಡೆನ್‌ಫೋರ್ಡ್, 1999ರ ಆಸುಪಾಸಿನಲ್ಲಿ, ಮಕ್ಕಳಿಗೆ ಇಂಜಿನಿಯರಿಂಗ್ ಕಡೆ ಮನಸ್ಸು ಬರಲಿ ಅಂತ ಹುಟ್ಟುಹಾಕಿದ್ದು. ಹಾಗಾಗಿ ಲೋಹ ಕಡಿಯುವ ಊರಿನವಳಾಗಿ ಇದು ನಮ್ಮ ಮನೆಯ ಹಬ್ಬ ಅಂತಲೇ ನನಗೆ ಅನಿಸುತ್ತದೆ. 1953ರಲ್ಲಿ ಮಷೀನ್ ಟೂಲ್ ಕಂಪನಿ ಎಚ್‌ಎಂಟಿ ಬಂದ ಊರು ಇದು. ಮಷೀನ್ ಟೂಲ್ ಸಂಶೋಧನೆಯ ಸಂಸ್ಥೆ ಸಿಎಂಟಿಐ ತುಮಕೂರು ರಸ್ತೆಯಲ್ಲೇ ಇದೆ. ಇವತ್ತಿಗೂ ಪೀಣ್ಯದ ಯಾವ ಕ್ರಾಸ್‌ನಲ್ಲಿ ನಿಂತರೂ ಒಂದಲ್ಲ ಒಂದು ಶೆಡ್ಡಿನಿಂದ ಕಟರ್ ತಿರುಗಿಸುವ ಸ್ಪಿಂಡಲ್ ಸದ್ದು ಕೇಳುತ್ತದೆ.

ಮೊದಲ ಶನಿವಾರ ಮಕ್ಕಳ ಮಾಡೆಲ್ ತೆರೆದು ನೋಡಿದೆ. ಚೆಂದ ಇತ್ತು. ಮೂಗು ಚೂಪು, ಬದಿಗಳು ಒಳಕ್ಕೆ ಬಾಗಿ ಹಿಂದೆ ಹೋಗಿ ಕಾರ್ಟ್ರಿಜ್ ಸುತ್ತ ಕೂಡಿಕೊಂಡಿದ್ದವು. ಎಲ್ಲಾ ಒಳಮೂಲೆಗಳೂ ಕತ್ತಿಯ ಹಾಗೆ ಚೂಪಾಗಿದ್ದವು. ನಮ್ಮ ಹಿರಿಯ ಆಪರೇಟರ್ ಒಬ್ಬರಿದ್ದಾರೆ, ಶಾಪ್‌ನಲ್ಲಿ ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುವುದು. ಅವರು ಡ್ರಾಯರಿನಿಂದ 6 ಮಿ.ಮೀ. ಬಾಲ್‌ನೋಸ್ ಕಟರ್ ತೆಗೆದು ನನ್ನ ಅಕ್ಕನ ಮಗಳ ಕೈಗೆ ಕೊಟ್ಟರು. “ಇದರ ತುದಿ ಮುಟ್ಟಿ ನೋಡಮ್ಮ. ದುಂಡಗಿದೆಯಾ? ದುಂಡಗಿರೋದು ಹೋಗಿ ಚೂಪು ಮೂಲೆ ಹೆಂಗೆ ತೆಗೆಯುತ್ತೆ?”

ಅವಳು ಕಟರ್ ಅನ್ನೂ ಸ್ಕ್ರೀನನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ, “ಹಾಗಾದ್ರೆ ಒಳಮೂಲೆ ಎಲ್ಲಾ ಕಡೆ ಕಡಿಮೆ ಅಂದ್ರೂ 3 ಮಿಲಿಮೀಟರ್ ರೇಡಿಯಸ್ ಇರಬೇಕಲ್ವಾ ಅಂಕಲ್?” ಅಂದಳು. ಅಣ್ಣ ನನ್ನ ಕಡೆ ತಿರುಗಿ ತಲೆ ಆಡಿಸಿದರು. ಈ ಪಾಠವನ್ನು ನಾನು ಸಾಫ್ಟ್‌ವೇರ್‌ನಲ್ಲಿ ಎಚ್ಚರಿಕೆಯ ಬಣ್ಣವಾಗಿ ತೋರಿಸಬಹುದಿತ್ತು. ಬೆರಳ ತುದಿಗೆ ಸಿಕ್ಕ ಉತ್ತರವನ್ನು ಅವಳು ಮರೆಯುವುದಿಲ್ಲ.

ಮುಂದಿನ ವಾರ ಮೂಲೆಗಳನ್ನೆಲ್ಲಾ ದುಂಡು ಮಾಡಿಕೊಂಡು ಬಂದರು. ಆಗ ಸ್ಟೆಪ್‌ಓವರ್ ಪ್ರಶ್ನೆ ಬಂತು, ಅಂದರೆ ಕಟರ್‌ನ ಒಂದು ಓಟಕ್ಕೂ ಪಕ್ಕದ ಓಟಕ್ಕೂ ನಡುವೆ ಎಷ್ಟು ಅಂತರ ಅಂತ. ದುಂಡು ಕಟರ್ ಪಕ್ಕಪಕ್ಕದಲ್ಲಿ ಓಡಿದಾಗ ಎರಡು ಓಟಗಳ ನಡುವೆ ಒಂದು ಏಣು ಉಳಿಯುತ್ತದೆ, ನೇಗಿಲು ಹೊಡೆದ ಹೊಲದಲ್ಲಿ ಸಾಲುಗಳ ನಡುವೆ ದಿಂಡು ಉಳಿದ ಹಾಗೆ. ಆ ಏಣಿನ ಎತ್ತರ ಎಷ್ಟು ಅಂತ ಲೆಕ್ಕ ಹಾಕುವುದು ಸುಲಭ: ಸ್ಟೆಪ್‌ಓವರ್‌ನ ವರ್ಗವನ್ನು ಕಟರ್ ರೇಡಿಯಸ್‌ನ ಎಂಟು ಪಟ್ಟಿನಿಂದ ಭಾಗಿಸಿದರೆ ಆಯಿತು. 1 ಮಿ.ಮೀ. ಸ್ಟೆಪ್‌ಓವರ್ ಇಟ್ಟರೆ ಏಣು ಸುಮಾರು 0.04 ಮಿ.ಮೀ. ಅರ್ಧ ಮಿ.ಮೀ. ಇಟ್ಟರೆ 0.01. ಅಂದರೆ ಏಣು ನಾಲ್ಕನೇ ಒಂದಾಗುತ್ತದೆ, ಸಮಯ ಎರಡರಷ್ಟಾಗುತ್ತದೆ. ಕಾಲು ಮಿ.ಮೀ.ಗೆ ಇಳಿಸಿದರೆ? ತಂಡದ ಒಬ್ಬ ಹುಡುಗ ಬೋರ್ಡಿನಲ್ಲಿ ಲೆಕ್ಕ ಮಾಡಿ, “ಅಷ್ಟು ಬೇಡ ಆಂಟಿ. ಹೇಗೂ ಸ್ಯಾಂಡ್‌ಪೇಪರ್ ಹೊಡೀತೀವಿ, ಪ್ರೈಮರ್ ತುಂಬಿಕೊಳ್ಳುತ್ತೆ, ಸುಮ್ನೆ ಮಷೀನ್ ಟೈಮ್ ವೇಸ್ಟ್” ಅಂದ. ವರ್ಗಸಮೀಕರಣ ಯಾಕೆ ಕಲೀಬೇಕು ಅಂತ ಕೇಳುವ ವಯಸ್ಸಿನ ಹುಡುಗ. ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುವುದು ನಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ದುಬಾರಿ ವಿದ್ಯೆ. ಅದು ಅವನಿಗೆ ಒಂದು ಮಧ್ಯಾಹ್ನದಲ್ಲಿ ಬಂತು.

ಫೋಮ್ ಹಿಡಿಯುವುದು ಬೇರೆಯೇ ಕಥೆ. ಸ್ಟೀಲನ್ನು ವೈಸ್‌ನಲ್ಲಿ ಹಾಕಿ ಹ್ಯಾಂಡಲ್ ತಿರುಗಿಸಿ ಬಿಗಿದರೆ ಸಾಕು. ಪಾಲಿಯುರೆಥೇನ್ ಫೋಮನ್ನು ಹಾಗೆ ಬಿಗಿದರೆ ದವಡೆಯ ಗುರುತು ಮೈಮೇಲೆ ಉಳಿಯುತ್ತದೆ. ಸಡಿಲ ಬಿಟ್ಟರೆ ಕಟರ್ ಎಳೆದುಕೊಂಡು ಹೋಗುತ್ತದೆ. ಬ್ಲಾಕಿನ ಎಡಮೈ ಕಡಿದು, ತಿರುಗಿಸಿ, ಬಲಮೈ ಕಡಿಯಬೇಕು. ತಿರುಗಿಸಿದಾಗ ಒಂದು ಕೂದಲೆಳೆಯಷ್ಟು ಜರುಗಿದರೂ ಮಧ್ಯದ ಗೆರೆಯಲ್ಲಿ ಮೆಟ್ಟಿಲು ಬೀಳುತ್ತದೆ. ಮಕ್ಕಳೇ ಯೋಚಿಸಲಿ ಅಂತ ಅಣ್ಣ ಬಾಯಿ ಬಿಗಿಹಿಡಿದು ಕೂತರು. ಕೊನೆಗೆ ಒಂದು ಎಂಡಿಎಫ್ ಹಲಗೆಗೆ ಎರಡು ಡೋವೆಲ್ ಪಿನ್ ಹಾಕಿ, ಕಾರ್ಟ್ರಿಜ್ ಕೂರುವ ತೂತನ್ನೇ ಆಧಾರವಾಗಿ ತೆಗೆದುಕೊಂಡು, ಬ್ಲಾಕನ್ನು ಜರುಗದಂತೆ ಹಿಡಿಯುವ ಒಂದು ಫಿಕ್ಸ್ಚರ್ ಮಾಡಿದರು. ಆ ಯೋಚನೆ ತಂಡದ ಅತ್ಯಂತ ಮೆದು ಮಾತಿನ ಹುಡುಗಿಯದು. ಅವಳ ಅಪ್ಪ ಕಾಮಾಕ್ಷಿಪಾಳ್ಯದಲ್ಲಿ ಲೇತ್ ಓಡಿಸುತ್ತಾರೆ. “ನಮ್ಮಪ್ಪ ಯಾವಾಗ್ಲೂ ಹೇಳ್ತಾರೆ ಆಂಟಿ, ಮೊದಲು ರೆಫರೆನ್ಸ್ ಹಿಡಿ, ಆಮೇಲೆ ಟೂಲ್ ಹಿಡಿ ಅಂತ” ಅಂದಳು.

ಆ ತೂತನ್ನೇ ಆಧಾರ ಮಾಡಿಕೊಂಡದ್ದು ಎಷ್ಟು ಸರಿಯಾದ ತೀರ್ಮಾನ ಅಂತ ಯೋಚಿಸಿ. ತಳ್ಳುವ ಬಲ ಹೊರಡುವುದೇ ಅಲ್ಲಿಂದ. ಆ ಅಕ್ಷ ಕಾರಿನ ನಡುಗೆರೆಗಿಂತ ಸ್ವಲ್ಪ ಪಕ್ಕಕ್ಕಿದ್ದರೂ ಕಾರು ಇಡೀ ಓಟದುದ್ದಕ್ಕೂ ದಾರವನ್ನು ಒಂದು ಕಡೆಗೆ ಉಜ್ಜುತ್ತಾ ಹೋಗುತ್ತದೆ. ಮೇಲಿದ್ದರೆ ಮೂಗು ನೆಲಕ್ಕೆ ಒತ್ತುತ್ತದೆ, ಕೆಳಗಿದ್ದರೆ ಮೂಗು ಏಳುತ್ತದೆ. ಉಳಿದೆಲ್ಲಾ ಅಳತೆ ಅದರಿಂದ ಹೊರಡಬೇಕು. ದೊಡ್ಡ ಕಂಪನಿಗಳ ಡ್ರಾಯಿಂಗ್‌ಗಳಲ್ಲೂ ಡೇಟಮ್ ಅನ್ನು, ಅಂದರೆ ಅಳತೆ ಹೊರಡುವ ಆಧಾರವನ್ನು, ಇಷ್ಟು ವಿವೇಕದಿಂದ ಆರಿಸಿದ್ದನ್ನು ನಾನು ಅಪರೂಪಕ್ಕೆ ನೋಡಿದ್ದೇನೆ.

ಕಡಿಯುವ ದಿನ, ಕಟರ್ ತಣ್ಣಗಿಡುವ ಕೂಲೆಂಟ್ ಬಂದ್. ಫೋಮ್ ಪುಡಿ ಒದ್ದೆಯಾದರೆ ಮಷೀನಿನ ಗೈಡ್‌ವೇ (ಜಾರುವ ಹಳಿ) ಮೇಲೆ ಪೇಸ್ಟ್ ಆಗಿ ಕೂರುತ್ತದೆ. ಹಳೆಯ ಪ್ಲಾಸ್ಟಿಕ್ ಹಾಳೆ ಹೊದಿಸಿ, ವ್ಯಾಕ್ಯೂಮ್ ಪೈಪನ್ನು ಸ್ಪಿಂಡಲ್ ಪಕ್ಕಕ್ಕೆ ಕಟ್ಟಿ, ಎಲ್ಲರಿಗೂ ಮಾಸ್ಕ್. ಸೈಕಲ್ ಸ್ಟಾರ್ಟ್ ಬಟನ್ ಒತ್ತಿದ್ದು ಮಕ್ಕಳು. ಫೀಡ್ ನಾಬ್ ಮೇಲೆ ಕೈ ಇಟ್ಟು ನಿಂತದ್ದು ಅಣ್ಣ. ತಾವು ತಿಂಗಳುಗಟ್ಟಲೆ ಮೌಸ್‌ನಿಂದ ಎಳೆದಾಡಿದ ಬಾಗು, ಬ್ಲಾಕಿನೊಳಗಿಂದ ಸಾಲು ಸಾಲಾಗಿ ಹೊರಗೆ ಬರುವುದನ್ನು ನೋಡುತ್ತಾ ಐವರೂ ಬಾಗಿಲ ಗಾಜಿಗೆ ಹಣೆ ಅಂಟಿಸಿ ನಿಂತಿದ್ದರು. ಊಟಕ್ಕೆ ಕರೆದರೂ ಬರಲಿಲ್ಲ.

ಇನ್ನು ತೂಕ. ಕಾರ್ಟ್ರಿಜ್ ಬಿಟ್ಟು ಕಾರಿನ ಕನಿಷ್ಠ ತೂಕ 50 ಗ್ರಾಂ ಆಸುಪಾಸು. ನಿಯಮಪುಸ್ತಕ ವರ್ಷದಿಂದ ವರ್ಷಕ್ಕೆ ಸ್ವಲ್ಪ ಬದಲಾಗುತ್ತಿರುತ್ತದೆ. ಅದಕ್ಕಿಂತ ಒಂದು ಗ್ರಾಂ ಹೆಚ್ಚಾದರೆ ಶೇಕಡಾ 2ರಷ್ಟು ಭಾರ ಹೊತ್ತ ಹಾಗೆ. ಕಡಿಮೆಯಾದರೆ ದಂಡದ ಅಂಕ. ಅಕ್ಕನ ಮನೆಯಲ್ಲಿ ಅಡುಗೆಗೆ ತಂದಿದ್ದ ಡಿಜಿಟಲ್ ತಕ್ಕಡಿ ಸಾಲದೆ, ಚಿನ್ನ ತೂಗುವಂಥ ಪುಟ್ಟ ತಕ್ಕಡಿಯೊಂದನ್ನು ಅವೆನ್ಯೂ ರಸ್ತೆ ಕಡೆಯಿಂದ ತಂದರು. ಪೇಂಟ್ ಎಷ್ಟು ತೂಗುತ್ತದೆ ಅಂತ ಆಗ ಗೊತ್ತಾಯಿತು. ಒಂದು ಕೋಟ್ ಹೊಡೆದು ತೂಗುವುದು, ಒಣಗಿದ ಮೇಲೆ ಮತ್ತೆ ತೂಗುವುದು, 800 ನಂಬರ್ ನೀರು ಪೇಪರ್‌ನಲ್ಲಿ ಉಜ್ಜಿ ಮತ್ತೆ ತೂಗುವುದು. ಒಂದು ನೋಟ್‌ಬುಕ್ ತುಂಬಾ ಇದೇ ಅಂಕಿಗಳು. ಆ ನೋಟ್‌ಬುಕ್ಕನ್ನು ನಾನು ಕೇಳಿ ಇಸಿದುಕೊಂಡು ನಮ್ಮ ಟ್ರೈನಿಗಳಿಗೆ ತೋರಿಸಿದ್ದೇನೆ.

ಚಕ್ರಗಳ ವಿಷಯದಲ್ಲಿ ನಾನು ಸ್ವಲ್ಪ ಹಟ ಹಿಡಿದೆ. 3ಡಿ ಪ್ರಿಂಟ್ ಮಾಡಿದ ಮೊದಲ ಚಕ್ರಗಳು ದಪ್ಪ ಅಂಚಿನವು, ನೋಡಲು ನಿಜವಾದ ರೇಸ್ ಟಯರ್ ಹಾಗೇ ಇದ್ದವು. ಉರುಳುವ ಚಕ್ರಕ್ಕೆ ಎರಡು ಕೆಲಸ: ಮುಂದೆ ಹೋಗಬೇಕು, ತಿರುಗಲೂಬೇಕು. ತೂಕವೆಲ್ಲಾ ಅಂಚಿನಲ್ಲೇ ಇರುವ ಬಳೆಯಂಥ ಚಕ್ರವಾದರೆ ಆ ಎರಡಕ್ಕೂ ಬೇಕಾದ ಶಕ್ತಿ ಸಮಸಮ. ಹಾಗಾಗಿ ಅಂಚಿನ ಒಂದು ಗ್ರಾಂ, ಮೈಯಲ್ಲಿರುವ ಎರಡು ಗ್ರಾಂಗೆ ಸಮ. ಇದನ್ನು ಕೇಳಿದ ಮೇಲೆ ಅಂಚನ್ನು ತೆಳ್ಳಗೆ ಮಾಡಿ, ಉಳಿದ ತೂಕವನ್ನು ಮೈಗೆ ವರ್ಗಾಯಿಸಿದರು. ಬೇರಿಂಗ್ 3 ಮಿ.ಮೀ. ಒಳಅಳತೆಯವು, ಕಿರುಬೆರಳ ಉಗುರಿಗಿಂತ ಸಣ್ಣವು. ಅಂಗಡಿಯಿಂದ ಬಂದಾಗ ಒಳಗೆ ಗ್ರೀಸ್ ತುಂಬಿರುತ್ತದೆ. ವರ್ಷಗಟ್ಟಲೆ ಓಡಬೇಕಾದ ಮೋಟರಿಗೆ ಅದು ಬೇಕು. ಒಂದು ಸೆಕೆಂಡ್ ಓಡುವ ಕಾರಿಗೆ ಅದು ಬರೀ ಅಡ್ಡಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು, ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಬಿಟ್ಟರು. ಬೆರಳಿನಿಂದ ಚಕ್ರ ತಳ್ಳಿದರೆ ಎಷ್ಟು ಹೊತ್ತು ತಿರುಗುತ್ತದೆ ಅಂತ ಮೊಬೈಲ್‌ನಲ್ಲಿ ಸಮಯ ನೋಡಿ ನಾಲ್ಕೂ ಚಕ್ರಕ್ಕೆ ಜೋಡಿ ಹುಡುಕಿದರು.

ಗಾಳಿಯ ಬಗ್ಗೆ ಮಕ್ಕಳು ನನಗೇ ಪಾಠ ಮಾಡಿದರು. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಹಾಗಾಗಿ ಇಲ್ಲಿನ ಗಾಳಿ ಚೆನ್ನೈ, ಮುಂಬೈಗಿಂತ ಶೇಕಡಾ 8-9ರಷ್ಟು ತೆಳು. ಗಾಳಿಯ ತಡೆಯೂ ಅಷ್ಟೇ ಪ್ರಮಾಣದಲ್ಲಿ ಕಡಿಮೆ. ಇಲ್ಲಿ ಓಡಿಸಿ ನೋಡಿದ ಸಮಯವನ್ನೇ ಕರಾವಳಿಯ ಊರಿನಲ್ಲೂ ನಿರೀಕ್ಷಿಸುವಂತಿಲ್ಲ. ಇದನ್ನು ಲೆಕ್ಕಕ್ಕೆ ತಂದವನು ಅದೇ ವರ್ಗಸಮೀಕರಣದ ಹುಡುಗ. ಕಾರ್ಟ್ರಿಜ್‌ಗೂ ಹವೆಯ ಹಂಗು ಇದೆ. ಒಳಗಿರುವುದು ದ್ರವವಾದ ಕಾರ್ಬನ್ ಡೈಆಕ್ಸೈಡ್. 20 ಡಿಗ್ರಿಯಲ್ಲಿ ಅದರ ಒತ್ತಡ ಸುಮಾರು 57 ಬಾರ್, 30 ಡಿಗ್ರಿಯಲ್ಲಿ 72. ನಮ್ಮ ಊರಿನ ಬೆಳಗಿಗೂ ಮಧ್ಯಾಹ್ನಕ್ಕೂ ಅಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಅದಕ್ಕೇ ರೇಸಿನಲ್ಲಿ ಕಾರ್ಟ್ರಿಜ್‌ಗಳನ್ನು ಸಂಘಟಕರೇ ಕೊಡುವುದು, ಯಾರೂ ಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡು ಬರುವಂತಿಲ್ಲ. ಓಟ ಮುಗಿದ ಮೇಲೆ ಖಾಲಿ ಕಾರ್ಟ್ರಿಜ್ ಮೇಲೆ ಬಿಳಿ ಹಿಮ ಕೂತಿರುತ್ತದೆ. ದ್ರವ ಅನಿಲವಾಗುವಾಗ ಶಾಖ ಹೀರಿಕೊಳ್ಳುತ್ತದೆ ಅಂತ ಪುಸ್ತಕದಲ್ಲಿ ಓದಿದ್ದನ್ನು ಮಕ್ಕಳು ಗ್ಲೌಸ್ ಹಾಕಿಕೊಂಡು ಕೈಯಲ್ಲಿ ಹಿಡಿದರು.

ಓಡಿಸುವವರ ಕೈಚಳಕಕ್ಕೂ ಜಾಗ ಇದೆ. ಕೆಂಪು ದೀಪಗಳು ಆರಿದ ಕೂಡಲೇ ಬಟನ್ ಒತ್ತಬೇಕು. ಮೊದಲೇ ಒತ್ತಿದರೆ ಶಿಕ್ಷೆ. ಗೆರೆಯ ಹತ್ತಿರ ಕಾರು ಸೆಕೆಂಡಿಗೆ 20 ಮೀಟರ್ ವೇಗದಲ್ಲಿದ್ದರೆ, ಬೆರಳು 0.05 ಸೆಕೆಂಡ್ ತಡ ಮಾಡಿದ್ದು ಅಲ್ಲಿ ಒಂದು ಮೀಟರ್ ಅಂತರವಾಗಿ ಕಾಣುತ್ತದೆ. ಎಸ್‌ಪಿ ರಸ್ತೆಯಿಂದ ಎಲ್‌ಇಡಿ, ಪುಶ್ ಬಟನ್, ಪುಟ್ಟ ಕಂಪ್ಯೂಟರ್‌ನಂಥ ಒಂದು ಆರ್ಡುಯಿನೊ ಬೋರ್ಡ್ ತಂದು ಮಕ್ಕಳು ಅಭ್ಯಾಸದ ಡಬ್ಬಿ ಕಟ್ಟಿಕೊಂಡರು. ನಮ್ಮ ಶಾಪ್‌ನ ಟೀ ಬ್ರೇಕ್‌ನಲ್ಲಿ ಆಪರೇಟರ್‌ಗಳೂ ಸಾಲುಗಟ್ಟಿದರು. ಎಲ್ಲರಿಗಿಂತ ಚುರುಕು ಬೆರಳು ಆ ಮೆದು ಮಾತಿನ ಹುಡುಗಿಯದೇ. ಹಾಗಾಗಿ ಬಟನ್ ಅವಳ ಪಾಲಾಯಿತು.

ರೇಸಿನ ದಿನದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮುಂದಿನ ಸುತ್ತಿಗೆ ಹೋಗಲಿಲ್ಲ, ಮಧ್ಯದ ಸ್ಥಾನ ಬಂತು. ಎರಡನೇ ಓಟದ ಕೊನೆಯಲ್ಲಿ ಕಾರು ತಡೆಗೆ ಬಡಿದು ಮುಂದಿನ ರೆಕ್ಕೆ ಕಿತ್ತುಹೋಯಿತು. ಸಿಕ್ಕ ಸ್ವಲ್ಪ ಸಮಯದಲ್ಲಿ ಅಂಟು ಹಾಕಿ ಮತ್ತೆ ನಿಲ್ಲಿಸಿದರು. ಓಡಿತು.

ನನ್ನನ್ನು ಕಾಡಿದ್ದು ಬೇರೆ. ಅಂಕಗಳಲ್ಲಿ ಓಟದ್ದು ಒಂದು ಪಾಲು ಮಾತ್ರ. ಇಂಜಿನಿಯರಿಂಗ್ ತೀರ್ಪು, ಪೋರ್ಟ್‌ಫೋಲಿಯೊ, ಪಿಟ್ ಡಿಸ್‌ಪ್ಲೇ (ತಂಡದ ಪ್ರದರ್ಶನ ಮಳಿಗೆ), ಪ್ರಾಯೋಜಕರನ್ನು ಹುಡುಕಿದ ಬಗೆ, ತೀರ್ಪುಗಾರರ ಮುಂದೆ ಮಾತು, ಎಲ್ಲಕ್ಕೂ ಅಂಕ ಇದೆ. ಅದು ಸರಿಯೇ, ಮಾಡಿದ್ದನ್ನು ವಿವರಿಸಲು ಬರಬೇಕು. ಆದರೆ ಕೆಲವು ತಂಡಗಳ ಪಿಟ್ ನೋಡಿದರೆ ಮದುವೆ ಮಂಟಪದಷ್ಟು ಖರ್ಚು. ಇನ್ನೊಂದು ಕಡೆ ನಮ್ಮ ಆ ಹುಡುಗಿ. ಫಿಕ್ಸ್ಚರ್ ಅವಳದು, ಡೇಟಮ್ ಅವಳದು, ಏಳನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ನಮ್ಮ ಶಾಪ್‌ನಲ್ಲಿ ಅಣ್ಣನ ಜೊತೆ ಒಂದು ಗಂಟೆ ವಾದ ಮಾಡಬಲ್ಲವಳು, ಇಂಗ್ಲಿಷಿನಲ್ಲಿ ಇಷ್ಟೇ ಸಮಯದೊಳಗೆ ಮಾತಾಡು ಅಂದಾಗ ಎರಡು ವಾಕ್ಯಕ್ಕೆ ನಿಂತಳು. ಅವಳ ಭಾಗವನ್ನು ಬೇರೆಯವರು ಹೇಳಿದರು. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು, ಈಗಲೂ ಆಗುತ್ತದೆ. ಕನ್ನಡದಲ್ಲಿ ವಿವರಿಸಲು ಅವಕಾಶ ಕೊಟ್ಟರೆ ಇಂಥ ಮಕ್ಕಳು ಎಷ್ಟು ಎತ್ತರಕ್ಕೆ ನಿಲ್ಲುತ್ತಾರೆ ಅಂತ ಸಂಘಟಿಸುವವರು ಒಮ್ಮೆ ಪರೀಕ್ಷಿಸಿ ನೋಡಬೇಕು.

ಇನ್ನೊಂದು. ಫೈಲನ್ನು ಮೇಲ್ ಮಾಡಿ, ಕಾರಿನ ಮೈಯನ್ನು ಕೊರಿಯರ್‌ನಲ್ಲಿ ತರಿಸಿಕೊಂಡ ತಂಡಗಳನ್ನೂ ಅಲ್ಲಿ ಕಂಡೆ. ಕಾರುಗಳು ಹೊಳೆಯುತ್ತಿದ್ದವು. “ಇಲ್ಲಿ ಯಾಕೆ ಈ ರೇಡಿಯಸ್?” ಅಂತ ಒಬ್ಬ ಹುಡುಗನನ್ನು ಕೇಳಿದೆ. “ಅವರೇ ಹಾಗೆ ಮಾಡಿಕೊಟ್ಟರು” ಅಂದ. ಅವನು ಜಾಣ ಹುಡುಗ, ಮಾತಿನಲ್ಲೇ ಗೊತ್ತಾಗುತ್ತಿತ್ತು. ಕಟರ್ ಅನ್ನು ಯಾರೂ ಅವನ ಕೈಗೆ ಕೊಟ್ಟಿರಲಿಲ್ಲ, ಅಷ್ಟೇ.

ಬೆಂಗಳೂರಿನಲ್ಲಿ ಇದಕ್ಕೆ ನೆಪವೇ ಇಲ್ಲ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಶಾಲೆಗಳು ಬಸ್ ಮಾಡಿಕೊಂಡು ಹೋಗುತ್ತವೆ, ಹೋಗಲೇಬೇಕು. ನಾನೂ ಇಂಜಿನ್ ಅಂದರೆ ಏನು ಅಂತ ಮೊದಲು ನೋಡಿದ್ದು ಅಲ್ಲೇ. ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ) ಓಪನ್ ಡೇ ದಿನ ವಿಂಡ್ ಟನಲ್ ನೋಡಲು ಕ್ಯೂ ನಿಲ್ಲುತ್ತಾರೆ. ಅದೇ ಬಸ್ ಪೀಣ್ಯಕ್ಕೂ ಬರಲಿ. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಬಂದಿದೆ, ಅಲ್ಲಿ 3ಡಿ ಪ್ರಿಂಟರ್ ಇದೆ. ಚಕ್ರ, ರೆಕ್ಕೆ ಅಲ್ಲೇ ಆಗುತ್ತದೆ. ಮೈ ಕಡಿಯಲು ಬೇಕಾದ ಮಷೀನ್ ಮಾತ್ರ ಶಾಲೆಯಲ್ಲಿ ಇಲ್ಲ. ಅದು ನಮ್ಮ ಹತ್ತಿರ ಸಾಲು ಸಾಲು ಇದೆ, ಮತ್ತು ಭಾನುವಾರ ಮಲಗಿರುತ್ತದೆ. ಸ್ಪರ್ಧೆಗೆ ಹೆಸರು ಕೊಡದಿದ್ದರೂ ಪರವಾಗಿಲ್ಲ. 20 ಮೀಟರ್ ಕಾರಿಡಾರ್, ಒಂದು ನೈಲಾನ್ ದಾರ, ಗಾಳಿ ತುಂಬಿದ ಬಲೂನ್ ಕಟ್ಟಿದ ಕಾರು ಸಾಕು, ಶುರುಮಾಡಲು.

ನಮ್ಮ ಮಾಲೀಕರ ಹತ್ತಿರ ಮಾತಾಡಿದ್ದೇನೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಹಳೆಯ ವಿಎಂಸಿಯನ್ನು (ಒಂದು ಬಗೆಯ ಸಿಎನ್‌ಸಿ ಮಷೀನ್) ಮಕ್ಕಳಿಗೆ ಬಿಡಲು ಒಪ್ಪಿದ್ದಾರೆ. ಕಾರ್ಬೈಡ್ ಕಟರ್ ಮುರಿದರೆ ಖರ್ಚು ಶಾಪಿನದು. ಅಕ್ಕಪಕ್ಕದ ಎರಡು ಶೆಡ್‌ಗಳವರೂ ಯೋಚಿಸುತ್ತಿದ್ದಾರೆ. ಕಾಮಾಕ್ಷಿಪಾಳ್ಯದ ಆ ಅಪ್ಪ ಆಕ್ಸಲ್ ತಿರುಗಿಸಿಕೊಡುತ್ತೇನೆ, ಮಕ್ಕಳನ್ನು ಲೇತ್ ಹತ್ತಿರ ನಿಲ್ಲಿಸಿಕೊಂಡೇ ತಿರುಗಿಸುತ್ತೇನೆ ಅಂತ ಮಾತು ಕೊಟ್ಟಿದ್ದಾರೆ. ಇದನ್ನು ಓದುತ್ತಿರುವ ಮೇಷ್ಟ್ರು, ಟೀಚರ್‌ಗಳು ಕಾಮೆಂಟ್‌ನಲ್ಲಿ ಶಾಲೆಯ ಹೆಸರು, ಎಷ್ಟನೇ ಕ್ಲಾಸು ಅಂತ ಬರೆಯಿರಿ, ನಾನು ದಿನ ಗೊತ್ತುಮಾಡುತ್ತೇನೆ. ಒಂದು ಸಲಕ್ಕೆ ಎಂಟು ಮಕ್ಕಳಿಗಿಂತ ಹೆಚ್ಚು ಬೇಡ, ಗಾಜಿನ ಮುಂದೆ ಎಲ್ಲರಿಗೂ ಜಾಗ ಸಿಗಬೇಕು. ಚಪ್ಪಲಿ ಬೇಡ, ಮುಚ್ಚಿದ ಶೂ ಇರಲಿ. ಉದ್ದ ಕೂದಲಿದ್ದವರು ಬಿಗಿಯಾಗಿ ಕಟ್ಟಿಕೊಂಡು ಬನ್ನಿ, ದುಪಟ್ಟಾ, ಬಳೆ ಮನೆಯಲ್ಲಿ. 3ಡಿ ಮಾಡೆಲ್ ಫೈಲ್ ಸ್ಟೆಪ್ (STEP) ಫಾರ್ಮ್ಯಾಟ್‌ನಲ್ಲಿರಲಿ, ಒಳಮೂಲೆಗಳಿಗೆ 3 ಮಿ.ಮೀ. ರೇಡಿಯಸ್ ಹಾಕಿಯೇ ತನ್ನಿ.